ಬರಣಿಯಲ್ಲಿದ್ದದ್ದು

ಗುಳೇದಗುಡ್ಡದಲ್ಲಿ ಆ ವರ್ಷ
ಡೋಂಗ್ರಿಸಾಬನ ಪರಸಿ ಅಡ್ಡೆಯಲ್ಲಿ
ಕಲ್ಲಿಗೆ ಕಲ್ಲು ಒರಗಿಸಿಟ್ಟಿದ್ದರು, ಕಟಕ ರೊಟ್ಟಿ ಜೋಡಿಸಿದ ಹಾಗೆ.
ಏಳನೆಯದನ್ನು ಸರಿಸಿದಾಗ ಕಂಡಿತು:
ಕಿರುಬೆರಳ ದಪ್ಪ, ಮೊಳದಷ್ಟೂ ಇಲ್ಲ,
ಕಂದು ಮೈಮೇಲೆ ಯಾರೋ ನುಚ್ಚು ಚೆಲ್ಲಿ
ಬಳಿಯದೆ ಎದ್ದುಹೋದ ಹಾಗೆ ಚುಕ್ಕಿ.

"ಕಟ್ಟುಹಾವು, ಬಿಡಕ್ಕಾ," ಅಂದ ಗುರುಸಿದ್ದ,
ನನ್ನ ತಮ್ಮ, ಆಗಲೇ ಗೋಡೆ ಹತ್ತಿದ್ದ.
ಡೋಂಗ್ರಿಸಾಬ ಬೀಡಿ ಕಿವಿಗೆ ಸಿಕ್ಕಿಸಿ ಬಗ್ಗಿ ನೋಡಿದ:
"ಕಟ್ಟುಹಾವಿಗೆ ಪಟ್ಟಿ ಬಾಲದ ಕಡೆ ದಟ್ಟ,
ಕುತ್ತಿಗಿ ಕಡೆ ಬರಬರತ ಅಳಸತಾವು.
ಇದಕ ನೋಡು, ಕುತ್ತಿಗಿ ಕಡೇನ ದಟ್ಟ. ತ್ವಾಳಹಾವು.
ಕಡೀತೈತಿ, ಕೊಲ್ಲಂಗಿಲ್ಲ."
ಕಡಿಯಿತು. ಹೆಬ್ಬೆರಳಿಗೆ
ಸೂಜಿ ಚುಚ್ಚಿದಷ್ಟೇ ರಕ್ತ.
ಆ ರಾತ್ರಿಯಿಡೀ ಅವನ ಮಾತು ನಂಬಿ ಎಚ್ಚರವಿದ್ದೆ.

ಮಿಠಾಯಿ ಅಂಗಡಿಯ ಗಾಜಿನ ಬರಣಿ,
ಬಾಯಿಗೆ, ಎಳೆ ತಪ್ಪಿತೆಂದು ಅಪ್ಪ ಬಿಸುಟ ಖಣದ ತುಂಡು,
ಒಳಗೆ ಅಡ್ಡೆಯದೇ ಒಂದು ಕಲ್ಲಿನ ಚೂರು,
ಸೋಡಾ ಬಾಟಲಿ ಮುಚ್ಚಳದಲ್ಲಿ ನೀರು.
ಬರಣಿಗಿನ್ನೂ ಪೇಢೆಯ ವಾಸನೆ ಇತ್ತು.
ಹಾವು ಅದರ ಮೇಲೆ ತನ್ನದನ್ನು ಬಿಟ್ಟಿತು:
ಕೊಳೆತ ಉಳ್ಳಾಗಡ್ಡಿ, ಹಳೆ ನಾಣ್ಯ.

ಹಿಡಿದು ತಂದದ್ದು ಸಾಕಿದ್ದಲ್ಲ.
ಇದಕ್ಕೆ ನನಗಿಂತ ಮೊದಲೇ ಒಂದು ಬದುಕಿತ್ತು;
ಬೆನ್ನ ಮೇಲೆ ಮಾಗಿದ ಗಾಯ,
ಗಂಟಲ ಕೆಳಗೆ ಒಂದು ಉಣ್ಣಿ.
ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಉಣ್ಣಿ ತೆಗೆದೆ.
ಋಣ ಅನ್ನುವುದು ಅದಕ್ಕೆ ಗೊತ್ತಿರಲಿಲ್ಲ. ಮತ್ತೆ ಕಡಿಯಿತು.

ಇಪ್ಪತ್ಮೂರು ದಿನ ಏನೂ ತಿನ್ನಲಿಲ್ಲ.
ಹಲ್ಲಿ ಹಿಡಿದು ಹಿಡಿದು ಹಾಕಿದೆ,
ಮಗ್ಗದ ಮನೆಯ ಗೋಡೆಯಿಂದ, ದೇವರ ಜಗಲಿಯ ಹಿಂದಿನಿಂದ.
ಹಾವು ಹಲ್ಲಿ ಎರಡೂ ಬರಣಿಯ ಎರಡು ಬದಿಗೆ
ಮುನಿದ ಬೀಗರಂತೆ ಮುಖ ತಿರುಗಿಸಿ ಕೂತವು.
ಇಪ್ಪತ್ನಾಲ್ಕನೆಯ ರಾತ್ರಿ, ಕರೆಂಟು ಹೋಗಿ
ಯಾರೂ ನೋಡಲಾಗದ ಹೊತ್ತಿನಲ್ಲಿ, ತಿಂದಿತು.

ಆಮೇಲಾಮೇಲೆ ಮನೆಯಲ್ಲಿ ಲೊಚಗುಟ್ಟುವವರಿಲ್ಲ.
"ಬರಣ್ಯಾಗ ಏನೈತಿ?" ಅವ್ವ ಕೇಳಿದಳು.
"ಕಂಡಿಕಿ," ಅಂದೆ.
ಅವ್ವ ಅಭ್ಯಾಸಬಲದಿಂದ ಗೋಡೆಗೆ ಕಿವಿಗೊಟ್ಟಳು.
ಸತ್ಯ ಅನ್ನಲಿಲ್ಲ, ಸುಳ್ಳು ಅನ್ನಲಿಲ್ಲ ಗೋಡೆ.

ಶ್ರಾವಣದಲ್ಲಿ ಅದರ ಕಣ್ಣು ಮಬ್ಬಾದವು,
ಸುಣ್ಣದ ತಿಳಿಯ ಬಣ್ಣ.
ಕಲ್ಲಿಗೆ ಮೂತಿ ತಿಕ್ಕಿ ತಿಕ್ಕಿ
ಕಾಲುಚೀಲ ಕಳೆದ ಹಾಗೆ ಒಳಹೊರಗು ಮಾಡಿ
ಪೊರೆಯಿಂದ ಹೊರಬಿತ್ತು.
ಕಣ್ಣಿನ ಮೇಲಿನ ಹರಳು ಸಹ ಬಿಟ್ಟುಕೊಟ್ಟಿತ್ತು.
ಚುಕ್ಕಿ ಮಾತ್ರ ಪೊರೆಯಲ್ಲಿರಲಿಲ್ಲ.
ಅವನ್ನು ತನ್ನ ಹತ್ತಿರವೇ ಇಟ್ಟುಕೊಂಡು
ನನಗೆ ಬಿಟ್ಟದ್ದು ಗೀಟು ಹೊಡೆದ ಖಾಲಿ ಹಾಳೆ.

ಅಡ್ಡೆಗೆ ಒಯ್ದೆ. ಕಲ್ಲಿರಲಿಲ್ಲ.
ಏಳನೆಯದೂ, ಅದರ ಹಿಂದಿನವೂ
ಲಾರಿ ಹತ್ತಿ ಸೊಲ್ಲಾಪುರಕ್ಕೆ ಹೋಗಿದ್ದವು.
ಬಯಲು ನೆಲ, ಎಣ್ಣೆಯ ಒಂದು ಕಲೆ, ಡೋಂಗ್ರಿಸಾಬನ ಕೆಮ್ಮು.
"ಅದರ ಮನಿ ಮಾರೀನವ್ವಾ," ಅಂದ. ನಗಲಿಲ್ಲ.

ತಿರುಗಿ ತಂದು ಮಗ್ಗದ ಕುಣಿಯಲ್ಲಿ ಬಿಟ್ಟೆ,
ಅಪ್ಪ ಕಾಲಿಳಿಬಿಟ್ಟು ಕೂರುವ ತಂಪಿನಲ್ಲಿ.
ಲಾಳಿ ಒಮ್ಮೆ ದಾಟುವಷ್ಟು ಹೊತ್ತು;
ಕಲ್ಲಿನ ಸಂದಿ ಅದನ್ನು ಎಳೆದುಕೊಂಡಿತು.
ಯಾರಿಗೂ ಹೇಳಲಿಲ್ಲ. ಹೇಳಬೇಕಿತ್ತು.

ಹಲ್ಲಿಗಳು ಮೆಲ್ಲಗೆ ಮರಳಿ ಬಂದವು,
ಕೆಲವು ಬಾಲವಿಲ್ಲದೆ.
ಅಪ್ಪನನ್ನು ಗಮನಿಸಿದ್ದು ದೀಪಾವಳಿ ಕಳೆದ ಮೇಲೆ:
ಕುಣಿಗೆ ಕಾಲಿಡುವ ಮುಂಚೆ
ಅಂಚಿನ ಕಲ್ಲಿಗೆ ಲಾಳಿಯಿಂದ ಎರಡು ಸಲ ತಟ್ಟಿ
ತುಸು ಹೊತ್ತು ಸುಮ್ಮನಿರುತ್ತಿದ್ದ,
ಒಳಗಿದ್ದವರು ಸೆರಗು ಸರಿಮಾಡಿಕೊಳ್ಳಲಿ
ಅನ್ನುವ ಹಾಗೆ.